ಸಿ ಡ್ರೈವ್ ಹಿಗ್ಗಿಸಲು ಹೊರಟಾಗ ಅಡ್ಡ ನಿಂತ ರಿಕವರಿ ಪಾರ್ಟಿಷನ್

ಹಳೆಯ ಲ್ಯಾಪ್‌ಟಾಪಿನ 128 ಜಿಬಿ ಎಸ್‌ಎಸ್‌ಡಿ ತುಂಬಿತೆಂದು 512 ಜಿಬಿಯದನ್ನು ಹಾಕಿಸಿದ್ದೀರಿ. ಅಂಗಡಿಯವರು ಹಳೆಯದನ್ನು ಹೊಸದಕ್ಕೆ ಕ್ಲೋನ್ ಮಾಡಿ, ‘ಎಲ್ಲ ಹಾಗೇ ಇದೆ ನೋಡಿ’ ಎಂದು ಕೊಟ್ಟಿದ್ದಾರೆ. ಮನೆಗೆ ತಂದು ತೆರೆದರೆ ನಿಜಕ್ಕೂ ಎಲ್ಲ ಹಾಗೇ ಇದೆ. ಸಿ ಡ್ರೈವ್ ಮೊದಲಿನಷ್ಟೇ ಅಗಲ, ಅದರ ಮೇಲೆ ಅದೇ ಕೆಂಪು ಪಟ್ಟಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ ಬಲತುದಿಯಲ್ಲಿ ಸುಮಾರು 357 ಜಿಬಿ ಖಾಲಿ ಬಿದ್ದಿದೆ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬ ಆಯ್ಕೆ ಮಾತ್ರ ಮಂಕಾಗಿದೆ, ಒತ್ತಿದರೂ ಏನೂ ಆಗುವುದಿಲ್ಲ. ಮಧ್ಯದಲ್ಲಿ ಒಂದು ಸಣ್ಣ ತುಂಡು ಕೂತಿದೆ: ರಿಕವರಿ ಪಾರ್ಟಿಷನ್.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರುಗಳ ಸುತ್ತಮುತ್ತಲೂ ಈಗ ಕಂಪ್ಯೂಟರ್ ಇಲ್ಲದ ವ್ಯವಹಾರವಿಲ್ಲ. ಪಹಣಿ ತೆಗೆದುಕೊಡುವ ಗ್ರಾಮ ಒನ್ ಕೇಂದ್ರ, ಸಹಕಾರ ಸಂಘದ ಲೆಕ್ಕ, ಅಡಿಕೆ ವ್ಯಾಪಾರಿಯ ಟ್ಯಾಲಿ, ಮದುವೆ ಫೋಟೊ ಸ್ಟುಡಿಯೋ, ಕಾಲೇಜಿಗೆ ಹೋಗುವ ಮಕ್ಕಳ ಲ್ಯಾಪ್‌ಟಾಪ್ ಎಲ್ಲವೂ ವಿಂಡೋಸ್ ಮೇಲೆಯೇ ನಿಂತಿವೆ. ಯಂತ್ರ ಕೈಕೊಟ್ಟರೆ ಚನ್ನಗಿರಿಗೋ ದಾವಣಗೆರೆಗೋ ಹೊತ್ತುಕೊಂಡು ಹೋಗಬೇಕು, ಒಂದು ದಿನದ ಕೆಲಸ ಹೋಯಿತು. ಆದ್ದರಿಂದ ಈ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳಲು ಕಲಿಯುವುದು ಲಾಭ. ಕೆಲಸ ಅರ್ಧ ಗಂಟೆಯದು. ಅದಕ್ಕೆ ಬೇಕಾದ ತಯಾರಿ ಅರ್ಧ ದಿನದ್ದು. ಈ ಎರಡನೆಯ ಮಾತನ್ನು ಮರೆತವರೇ ಫೋಟೊ, ದಾಖಲೆ ಕಳೆದುಕೊಳ್ಳುವವರು.

ಯಾಕೆ ಹಿಗ್ಗುವುದಿಲ್ಲ?

ಭದ್ರಾ ನಾಲೆಯ ಕೆಳಗಿನ ಗದ್ದೆಗಳನ್ನು ನೆನೆಯಿರಿ. ನಿಮ್ಮ ಗದ್ದೆ, ಅದಕ್ಕೆ ಅಂಟಿದ ಇನ್ನೊಬ್ಬರ ಕಿರುಪಟ್ಟಿ, ಅದರಾಚೆ ನೀವೇ ಕೊಂಡ ಬೀಳು. ಬೀಳು ನಿಮ್ಮದೇ ಆದರೂ ನಡುವಿನ ಪಟ್ಟಿ ಸರಿಯುವ ತನಕ ಬದು ಒಡೆದು ಎರಡನ್ನೂ ಒಂದು ಮಾಡಲಾಗದು. ಪಾರ್ಟಿಷನ್ ಎಂದರೂ ಹೀಗೆಯೇ: ಡಿಸ್ಕಿನ ಮೇಲೆ ಇಂಥಲ್ಲಿಂದ ಇಂಥಲ್ಲಿಯವರೆಗೆ ಎಂದು ಬರೆದಿಟ್ಟ ಒಂದು ಅಖಂಡ ಪಟ್ಟಿ. ಅದು ನಡುವಿನದನ್ನು ಹಾರಿ ಆಚೆ ಹೋಗಲಾರದು.

ಇದರಲ್ಲಿ ಎಡ–ಬಲದ ಭೇದವೂ ಇದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ತನ್ನ ಎಲ್ಲ ಕಡತಗಳ ವಿಳಾಸವನ್ನು ಪಾರ್ಟಿಷನ್ನಿನ ಆರಂಭದಿಂದ ಎಣಿಸಿ ಬರೆದುಕೊಂಡಿರುತ್ತದೆ. ಬಲ ಅಂಚನ್ನು ಮುಂದಕ್ಕೆ ಒಯ್ದರೆ ಆ ವಿಳಾಸಗಳು ಯಾವುವೂ ಕೆಡುವುದಿಲ್ಲ. ಅದಕ್ಕೇ ಬಲಕ್ಕೆ ಹಿಗ್ಗಿಸುವುದು ಕೆಲವೇ ಸೆಕೆಂಡಿನ ಕೆಲಸ, ಕಂಪ್ಯೂಟರನ್ನು ಮತ್ತೆ ಶುರುಮಾಡಬೇಕಾಗಿಯೂ ಇಲ್ಲ. ಎಡ ಅಂಚನ್ನು ಸರಿಸಿದರೆ ಒಳಗಿರುವ ಒಂದೊಂದು ತುಣುಕನ್ನೂ ಎತ್ತಿ ಹೊಸ ಜಾಗದಲ್ಲಿಡಬೇಕು. ವಿಂಡೋಸಿನ ಸ್ವಂತ ಸಾಧನಗಳು ಆ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಹೀಗಾಗಿ ಡಿ ಡ್ರೈವನ್ನು ಕುಗ್ಗಿಸಿ ಅಷ್ಟನ್ನು ಸಿ ಗೆ ಕೊಡೋಣ ಎಂದು ಹೊರಟವರು ಸೋಲುತ್ತಾರೆ. ಡಿ ಕುಗ್ಗಿದಾಗ ಜಾಗ ಬಿಡುಗಡೆಯಾಗುವುದು ಅದರ ಬಲಬದಿಯಲ್ಲಿ, ಸಿ ಇರುವುದು ಎಡಕ್ಕೆ.

ಇನ್ನು ರಿಕವರಿ ಪಾರ್ಟಿಷನ್ ಸಿ ಪಕ್ಕದಲ್ಲೇ ಏಕೆ ಕೂತಿತು? ಅದರೊಳಗೆ ವಿಂಡೋಸ್ ಆರ್‌ಇ ಎಂಬ ಪುಟ್ಟ ತುರ್ತು ವ್ಯವಸ್ಥೆ ಇದೆ. ವಿಸ್ಟಾ ಕಾಲದಿಂದ ಬಂದದ್ದು. ವಿಂಡೋಸ್ ಏಳಲಾರದೆ ಬಿದ್ದಾಗ ನೀಲಿ ತೆರೆಯ ಮೇಲೆ ‘ಟ್ರಬಲ್‌ಶೂಟ್’, ‘ಸ್ಟಾರ್ಟಪ್ ರಿಪೇರ್’, ‘ರೀಸೆಟ್ ದಿಸ್ ಪಿಸಿ’ ಎಂದು ಬರುತ್ತದಲ್ಲ, ಅದು ಈ ತುಂಡಿನಿಂದಲೇ ಬರುವುದು. ಮುಂದೆಂದಾದರೂ ಇದಕ್ಕೆ ಜಾಗ ಸಾಲದೆ ಬಂದರೆ ಸಿ ಯನ್ನು ಸ್ವಲ್ಪ ಕುಗ್ಗಿಸಿ ಆ ಜಾಗವನ್ನು ಇದಕ್ಕೆ ಕೊಡಲು ಅನುಕೂಲವಾಗಲೆಂದು ಮೈಕ್ರೋಸಾಫ್ಟ್ ಇದನ್ನು ಸಿ ಬೆನ್ನಿಗೇ ಇಡಲು ಸೂಚಿಸಿದೆ. ಅವರ ಅನುಕೂಲ ನಮಗೆ ಅಡ್ಡಗೋಡೆಯಾಯಿತು, ಅಷ್ಟೆ.

ಈ ಸಣ್ಣ ತುಂಡಿನ ಬೆಲೆ ಎಷ್ಟೆಂಬುದು 2024ರ ಜನವರಿ 9ರಂದು ಅನೇಕರಿಗೆ ಗೊತ್ತಾಯಿತು. ಅಂದು ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಸುರಕ್ಷತಾ ಅಪ್‌ಡೇಟ್ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ 0ಎಕ್ಸ್80070643 ಎಂಬ ದೋಷ ತೋರಿಸಿ ನಿಂತುಹೋಯಿತು. ಕಾರಣ ಇಷ್ಟೇ: ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಇರಬೇಕಿತ್ತು, ಇರಲಿಲ್ಲ. ಅದನ್ನು ಕೈಯಾರೆ ದೊಡ್ಡದು ಮಾಡಿಕೊಳ್ಳುವ ವಿಧಾನವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಕೆಳಗಿನ ಕ್ರಮದ ಬೆನ್ನೆಲುಬೂ ಅದೇ.

ಅಂದರೆ ರಿಕವರಿ ಪಾರ್ಟಿಷನ್ ಕಸವಲ್ಲ. ಅದನ್ನು ಅಳಿಸಿ ಕೈತೊಳೆದುಕೊಳ್ಳಿ ಎಂದು ಹೇಳುವವರ ಮಾತು ಕೇಳಬೇಡಿ. ಅದನ್ನು ಎತ್ತಿ ಬೇರೆಡೆ ಕೂರಿಸಬೇಕು.

ಹಿಗ್ಗಿಸುವುದು ನಿಜಕ್ಕೂ ಬೇಕೇ?

ಡಿಸ್ಕ್ ಬದಲಾಯಿಸಿಲ್ಲ, ಸಿ ಮಾತ್ರ ತುಂಬಿದೆ ಎಂದಾದರೆ ಮೊದಲು ಗುಡಿಸಿ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋದರೆ ತಾತ್ಕಾಲಿಕ ಕಡತಗಳು, ಹಿಂದಿನ ವಿಂಡೋಸಿನ ಅವಶೇಷ ಎಲ್ಲ ಕಾಣುತ್ತವೆ. ದೊಡ್ಡ ಅಪ್‌ಡೇಟ್ ಆದಮೇಲೆ ಇವೇ ಹತ್ತಾರು ಜಿಬಿ ತಿಂದಿರುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಗ್ರಾಮ ಒನ್‌ನಂಥ ಕಡೆ ಇಳಿಸಿ ಮುದ್ರಿಸಿ ಮರೆತ ಪಿಡಿಎಫ್‌ಗಳು ವರ್ಷಗಟ್ಟಲೆ ಅಲ್ಲೇ ಕೂತಿರುತ್ತವೆ, ಅದರಲ್ಲೂ ಊರವರ ಆಧಾರ್ ಪ್ರತಿಗಳು. ಜಾಗದ ಮಾತು ಹಾಗಿರಲಿ, ಅವನ್ನು ಇಟ್ಟುಕೊಳ್ಳುವುದೇ ತಪ್ಪು. ಇಷ್ಟಾದ ಮೇಲೂ ಹತ್ತು ಜಿಬಿ ಖಾಲಿ ಉಳಿಯದಿದ್ದರೆ ಮುಂದೆ ಓದಿ.

ನಿಮ್ಮ ಡಿಸ್ಕಿನ ನಕ್ಷೆ ಯಾವುದು?

ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಭಾಗದ ಚಿತ್ರವನ್ನು ಎಡದಿಂದ ಬಲಕ್ಕೆ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಕಾಣುವುದು ಇವುಗಳಲ್ಲೊಂದು:

1. ಇಎಫ್‌ಐ (ವಿಂಡೋಸನ್ನು ಏಳಿಸುವ ತುಂಡು), ಸಿ, ರಿಕವರಿ, ಖಾಲಿ ಜಾಗ. ಕ್ಲೋನ್ ಮಾಡಿದ ಡಿಸ್ಕಿನ ನಕ್ಷೆ. ಅತಿ ಸುಲಭದ್ದು.

2. ಇಎಫ್‌ಐ, ಸಿ, ರಿಕವರಿ, ಡಿ. ಅಂಗಡಿಯಲ್ಲಿ ಎರಡು ಭಾಗ ಮಾಡಿಕೊಟ್ಟದ್ದು. ಡಿ ಯನ್ನು ಖಾಲಿ ಮಾಡದೆ ಸಿ ಹಿಗ್ಗದು.

3. ಇಎಫ್‌ಐ, ಸಿ, ಡಿ, ಕೊನೆಯಲ್ಲಿ ರಿಕವರಿ. ಇಲ್ಲಿ ಅಡ್ಡ ಇರುವುದು ರಿಕವರಿಯಲ್ಲ, ಡಿ. ರಿಕವರಿಯನ್ನು ಮುಟ್ಟುವ ಅಗತ್ಯವೇ ಇಲ್ಲ: ಡಿ ಯ ಕಡತಗಳನ್ನು ಹೊರಗೆ ನಕಲಿಸಿ, ಡಿ ಯನ್ನು ಅಳಿಸಿ, ಸಿ ಯನ್ನು ಹಿಗ್ಗಿಸಿ, ಉಳಿದದ್ದರಲ್ಲಿ ಡಿ ಯನ್ನು ಮತ್ತೆ ಮಾಡಿ.

ಕೆಲವು ಯಂತ್ರಗಳಲ್ಲಿ ಎರಡು–ಮೂರು ರಿಕವರಿ ತುಂಡುಗಳಿರುತ್ತವೆ. 500 ಎಂಬಿಯಿಂದ 1 ಜಿಬಿಯ ಆಸುಪಾಸಿನದು ವಿಂಡೋಸಿನದು. ಹತ್ತು, ಹದಿನೈದು ಜಿಬಿ ಇದ್ದರೆ ಅದು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯದು. ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಪ್ರತಿ ಅದರಲ್ಲಿದೆ. ಇಲ್ಲಿ ಹೇಳಿರುವ ಕ್ರಮ ಮೊದಲನೆಯದಕ್ಕೆ ಮಾತ್ರ. ದೊಡ್ಡದನ್ನು ಅಳಿಸಿದರೆ ಅದು ತಿರುಗಿ ಬಾರದು.

ಕೈ ಹಾಕುವ ಮೊದಲು

1. ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಡಿ ಡ್ರೈವಿನಲ್ಲಿ ಹಾಕಿದ್ದೇನೆ, ಸೇಫಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಸಿ, ಡಿ ಎರಡೂ ಒಂದೇ ಡಿಸ್ಕಿನ ತುಂಡುಗಳು. ಡಿಸ್ಕ್ ಹೋದರೆ ಎರಡೂ ಹೋದವು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿ. ಡೆಸ್ಕ್‌ಟಾಪ್ ಮೇಲಿರುವುದೂ ಸಿ ಯಲ್ಲೇ ಇದೆ ಎಂಬುದು ನೆನಪಿರಲಿ. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರನ್ನು, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೆಯ ದಾಖಲೆ ಇರುವವರು ಆ ಫಾಂಟುಗಳನ್ನೂ ಸೇರಿಸಿಕೊಳ್ಳಿ. ಫಾಂಟ್ ಇಲ್ಲದೆ ಆ ಕಡತ ತೆರೆದರೆ ಕಾಣುವುದು ಅಕ್ಷರವಲ್ಲ, ಗೀಚು.

2. ಬಿಟ್‌ಲಾಕರ್ ಕೀಲಿ ಕೈಯಲ್ಲಿರಲಿ. ಈಚಿನ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದಂತೆಯೇ ಡಿಸ್ಕ್ ಬೀಗ ಹಾಕಿಕೊಂಡಿರುವ ಸಾಧ್ಯತೆ ಇದೆ. ಪಾರ್ಟಿಷನ್ ಬದಲಾದಾಗ ಅದು ಅನುಮಾನಗೊಂಡು 48 ಅಂಕಿಯ ಕೀಲಿ ಕೇಳಬಹುದು. ಆ ಕೀಲಿ ಇರುವುದು ಲ್ಯಾಪ್‌ಟಾಪನ್ನು ಮೊದಲು ಶುರುಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ. ಇಲ್ಲೊಂದು ಹೊಂಡವಿದೆ: ಕೊಳ್ಳುವಾಗ ‘ನೀವೇ ಸೆಟಪ್ ಮಾಡಿಕೊಡಿ’ ಎಂದಿದ್ದರೆ ಆ ಖಾತೆ ಅಂಗಡಿಯವರದೋ, ಜೊತೆಗೆ ಬಂದಿದ್ದ ಅಣ್ಣನ ಮಗನದೋ ಆಗಿರಬಹುದು. ಈಗಲೇ ಹುಡುಕಿ, ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

3. ಸಿ ಯಲ್ಲಿ ಕನಿಷ್ಠ 2 ಜಿಬಿ ಖಾಲಿ ಮಾಡಿ. ರಿಕವರಿಯ ಒಳಗಿನ ಕಡತ ಸ್ವಲ್ಪ ಹೊತ್ತು ಸಿ ಗೆ ಬಂದು ತಂಗುತ್ತದೆ. ಜಾಗವಿಲ್ಲದಿದ್ದರೆ ಮೊದಲ ಹೆಜ್ಜೆಯೇ ಎಡವುತ್ತದೆ.

4. ಕರೆಂಟ್. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿ ಚಾರ್ಜರಿಗೂ ಸಿಕ್ಕಿಸಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಬೇಡ. ಗುಡುಗು–ಮಿಂಚಿನ ಸಂಜೆಯನ್ನು ಈ ಕೆಲಸಕ್ಕೆ ಆರಿಸಿಕೊಳ್ಳಬೇಡಿ.

ಕ್ರಮ: ಮೊದಲ ನಕ್ಷೆಯವರಿಗೆ

ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ, ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಕೆಳಗಿನ ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಓರೆಗೆರೆ ಎಂದರೆ ಪ್ರಶ್ನೆ ಚಿಹ್ನೆಯ ಕೀಲಿಯಲ್ಲಿರುವ ಗೆರೆ, ಅದರ ಹಿಂದೆ ಒಂದು ಸ್ಪೇಸ್ ಇರಲಿ. ಪ್ರತಿ ಸಾಲಿಗೂ ಎಂಟರ್.

1. ಬೀಗ ಇರುವ ಯಂತ್ರವಾದರೆ ಮೊದಲು: ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಡಿಸೇಬಲ್ ಸಿ: ಇದು ಬೀಗವನ್ನು ತೆಗೆಯುವುದಿಲ್ಲ, ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ. ಮುಂದಿನ ಸಲ ಕಂಪ್ಯೂಟರ್ ಶುರುವಾದ ಮೇಲೆ ತಾನಾಗಿ ಮರಳುತ್ತದೆ.

2. ರೀಏಜೆಂಟ್‌ಸಿ /ಇನ್ಫೋ. ಮೊದಲ ಪದದ ಅಕ್ಷರಗಳು ಆರ್, ಇ, ಎ, ಜಿ, ಇ, ಎನ್, ಟಿ, ಸಿ. ನಡುವೆ ಜಾಗ ಬೇಡ. ಉತ್ತರದಲ್ಲಿ ‘ಎನೇಬಲ್ಡ್’ ಎಂದಿದ್ದು, ಮುಂದೆ ಹಾರ್ಡ್‌ಡಿಸ್ಕ್0, ಪಾರ್ಟಿಷನ್4 ಎಂಬಂಥ ವಿಳಾಸ ಕಾಣುತ್ತದೆ. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಯಾವ ತುಂಡು ಬಳಕೆಯಲ್ಲಿದೆ ಎಂಬುದಕ್ಕೆ ಇದೊಂದೇ ನಂಬಬಹುದಾದ ಸಾಕ್ಷಿ.

3. ರೀಏಜೆಂಟ್‌ಸಿ /ಡಿಸೇಬಲ್. ತುರ್ತು ವ್ಯವಸ್ಥೆಯ ಕಡತವಾದ ವಿನ್‌ಆರ್‌ಇ.ವಿಮ್ ತನ್ನ ತುಂಡಿನಿಂದ ಹೊರಬಂದು ಸಿ ಯೊಳಗಿನ ವಿಂಡೋಸ್, ಸಿಸ್ಟಮ್32, ರಿಕವರಿ ಎಂಬ ಫೋಲ್ಡರಿನಲ್ಲಿ ಕೂರುತ್ತದೆ.

4. ಬಂದಿದೆಯೇ ನೋಡಿ. ಡಿಐಆರ್ /ಎ ಎಂದು ಬರೆದು ಸ್ಪೇಸ್ ಬಿಟ್ಟು ಆ ಫೋಲ್ಡರಿನ ಪೂರ್ಣ ವಿಳಾಸ ಕೊಡಿ. ಕಡತ ಅಡಗಿರುವುದರಿಂದ ‘/ಎ’ ಬೇಕು. ಕೆಲವು ನೂರು ಎಂಬಿಯ ವಿನ್‌ಆರ್‌ಇ.ವಿಮ್ ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಇಲ್ಲಿಗೇ ನಿಲ್ಲಿ. ಇಡೀ ಕೆಲಸದಲ್ಲಿ ಹಿಂದೆ ಬರಲು ಸಾಧ್ಯವಿರುವ ಕೊನೆಯ ಜಾಗ ಇದು. ರೀಏಜೆಂಟ್‌ಸಿ /ಎನೇಬಲ್ ಎಂದರೆ ಎಲ್ಲ ಮೊದಲಿನಂತಾಗುತ್ತದೆ.

5. ಡಿಸ್ಕ್‌ಪಾರ್ಟ್ ಎಂದು ಒತ್ತಿ. ನಂತರ ಲಿಸ್ಟ್ ಡಿಸ್ಕ್. ಜಿಪಿಟಿ ಎಂಬ ಕಾಲಮ್ಮಿನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ನಿಮ್ಮದು ಜಿಪಿಟಿ ಡಿಸ್ಕ್. ಈ ಹತ್ತು ವರ್ಷದ ಯಂತ್ರಗಳು ಬಹುಪಾಲು ಅದೇ. ಸೆಲೆಕ್ಟ್ ಡಿಸ್ಕ್ 0, ಲಿಸ್ಟ್ ಪಾರ್ಟಿಷನ್, ಸೆಲೆಕ್ಟ್ ಪಾರ್ಟಿಷನ್ 4. ಅಂಕಿಗಳು ಎರಡನೆಯ ಹೆಜ್ಜೆಯಲ್ಲಿ ನೀವು ಬರೆದುಕೊಂಡವು ಇರಲಿ, ನನ್ನವು ಬೇಡ.

6. ಡೀಟೇಲ್ ಪಾರ್ಟಿಷನ್. ‘ಟೈಪ್’ ಎಂಬ ಸಾಲಿನಲ್ಲಿ ಡಿಇ94ಬಿಬಿಎ4 ಎಂದು ಆರಂಭವಾಗಿ ಡಿ6ಎಸಿ ಎಂದು ಮುಗಿಯುವ ಉದ್ದನೆಯ ಗುರುತು ಇದೆಯೇ? ಇದ್ದರೆ ಅದು ರಿಕವರಿ ತುಂಡೇ. ಇಲ್ಲದಿದ್ದರೆ ತಪ್ಪು ತುಂಡು ಹಿಡಿದಿದ್ದೀರಿ. ಈ ಗುರುತನ್ನೂ ಕೆಳಗಿನ ‘ಆ್ಯಟ್ರಿಬ್’ ಸಾಲನ್ನೂ ಮೌಸಿನಿಂದ ಆರಿಸಿ ನಕಲಿಸಿ ನೋಟ್‌ಪ್ಯಾಡಿನಲ್ಲಿ ಹಾಕಿ ಉಳಿಸಿಕೊಳ್ಳಿ. ಮುಂದೆ ಇವೆರಡೂ ಬೇಕು. ಕೈಯಲ್ಲಿ ಟೈಪ್ ಮಾಡುವಾಗ ಒಂದಕ್ಷರ ತಪ್ಪಿದರೂ ಕೆಲಸ ಕೆಡುತ್ತದೆ.

7. ಡಿಲೀಟ್ ಪಾರ್ಟಿಷನ್ ಓವರ್‌ರೈಡ್. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ರಿಕವರಿ ತುಂಡಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಹೆಲ್ಪ್’ ಬಿಟ್ಟು ಬೇರೇನೂ ಬರುವುದಿಲ್ಲ, ಅದಕ್ಕೇ ಈ ಸುತ್ತುದಾರಿ. ಓವರ್‌ರೈಡ್ ಎಂಬ ಪದವಿದ್ದಾಗ ಡಿಸ್ಕ್‌ಪಾರ್ಟ್ ಖಚಿತವೇ ಎಂದು ಕೇಳುವುದಿಲ್ಲ, ನೇರ ಅಳಿಸುತ್ತದೆ.

8. ಕಮಾಂಡ್ ಕಿಟಕಿ ಹಾಗೇ ಇರಲಿ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ. ಈಗ ಸಿ ಪಕ್ಕದಲ್ಲೇ ಖಾಲಿ ಜಾಗ. ಸಿ ಮೇಲೆ ರೈಟ್ ಕ್ಲಿಕ್, ಎಕ್ಸ್‌ಟೆಂಡ್ ವಾಲ್ಯೂಮ್. ಎಷ್ಟು ಎಂಬಿ ಸೇರಿಸಲಿ ಎಂದು ಕೇಳುವ ಕಡೆ ಪೂರ್ತಿ ಸಂಖ್ಯೆ ತುಂಬಿರುತ್ತದೆ. ಅದರಿಂದ 1024 ಕಳೆಯಿರಿ. 366000 ಎಂದಿದ್ದರೆ 364976 ಎಂದು ಮಾಡಿ. ಉಳಿಯುವ 1 ಜಿಬಿ ರಿಕವರಿಯ ಹೊಸ ಮನೆ. 500 ಎಂಬಿ ಸಾಕಲ್ಲವೇ ಎನ್ನಬೇಡಿ. ಮೇಲೆ ಹೇಳಿದ 2024ರ ತೊಂದರೆ ಬಂದದ್ದೇ ಆ ಜಿಪುಣತನದಿಂದ.

9. ಕಮಾಂಡ್ ಕಿಟಕಿಗೆ ಮರಳಿ. ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ ಐಡಿ= ಎಂದು ಬರೆದು, ಜಾಗ ಬಿಡದೆ ನೋಟ್‌ಪ್ಯಾಡಿನ ಉದ್ದನೆಯ ಗುರುತನ್ನು ಅಂಟಿಸಿ. ಮುಂದಿನ ಸಾಲು ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಎನ್‌ಟಿಎಫ್‌ಎಸ್. ಅದಾದ ಮೇಲೆ ಜಿಪಿಟಿ ಆ್ಯಟ್ರಿಬ್ಯೂಟ್ಸ್= ಎಂದು ಬರೆದು ಆ್ಯಟ್ರಿಬ್ ಸಾಲಿನ ಅಂಕಿ ಅಂಟಿಸಿ. ಸರಿಯಾಗಿದ್ದರೆ ಅದು 0ಎಕ್ಸ್8000000000000001: ಎಂಟರ ನಂತರ 14 ಸೊನ್ನೆ, ಕೊನೆಗೆ ಒಂದು. ಈ ಅಂಕಿಯೇ ಆ ತುಂಡಿಗೆ ಡ್ರೈವ್ ಅಕ್ಷರ ಸಿಗದಂತೆ, ಯಾರೂ ಆಕಸ್ಮಿಕವಾಗಿ ಅಳಿಸದಂತೆ ಕಾಯುವುದು.

10. ಎಕ್ಸಿಟ್ ಎಂದು ಡಿಸ್ಕ್‌ಪಾರ್ಟಿನಿಂದ ಹೊರಬನ್ನಿ. ರೀಏಜೆಂಟ್‌ಸಿ /ಎನೇಬಲ್. ಬಳಿಕ ಮತ್ತೊಮ್ಮೆ ರೀಏಜೆಂಟ್‌ಸಿ /ಇನ್ಫೋ. ಎನೇಬಲ್ಡ್ ಎಂದೂ ಹೊಸ ಪಾರ್ಟಿಷನ್ನಿನ ಅಂಕಿಯನ್ನೂ ತೋರಿಸಿದರೆ ಸಾಮಾನು ಹೊಸ ಮನೆ ಸೇರಿದೆ.

11. ಕಣ್ಣಾರೆ ನೋಡಿ. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ತೆರೆಯಲ್ಲಿ ಟ್ರಬಲ್‌ಶೂಟ್ ಬಂದರೆ ಸರಿ. ‘ಕಂಟಿನ್ಯೂ’ ಒತ್ತಿ ಹೊರಬನ್ನಿ.

ಜಿಪಿಟಿ ಕಾಲಮ್ಮಿನಲ್ಲಿ ನಕ್ಷತ್ರವಿಲ್ಲದ, ಅಂದರೆ ಹಳೆಯ ಎಂಬಿಆರ್ ಡಿಸ್ಕ್ ಇರುವವರಿಗೆ ಎರಡು ಬದಲಾವಣೆ: ಉದ್ದನೆಯ ಗುರುತಿನ ಬದಲು ಐಡಿ=27, ಮತ್ತು ಜಿಪಿಟಿ ಆ್ಯಟ್ರಿಬ್ಯೂಟ್ಸ್ ಸಾಲು ಬೇಡವೇ ಬೇಡ. ಎಂಬಿಆರ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಲಾರವು ಎಂಬುದೂ ಗಮನದಲ್ಲಿರಲಿ.

ಡಿ ಡ್ರೈವ್ ಆಚೆ ಇದ್ದರೆ

ಎರಡನೆಯ ನಕ್ಷೆಯವರು ಡಿ ಯಲ್ಲಿರುವುದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲಿಸಿ, ಅಲ್ಲಿಂದ ನಾಲ್ಕಾರು ಫೋಟೊ, ಒಂದೆರಡು ದಾಖಲೆ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಏಳನೆಯ ಹೆಜ್ಜೆಯ ಜೊತೆಗೇ ಡಿ ಯನ್ನೂ ಅಳಿಸಬೇಕು. ಸಿ ಗೆ ಬೇಕಾದಷ್ಟು ಸೇರಿಸಿ. ಒಂಬತ್ತನೆಯ ಹೆಜ್ಜೆಯಲ್ಲಿ ಐಡಿಗೆ ಮೊದಲು ಸೈಜ್=1024 ಎಂದು ಸೇರಿಸಿದರೆ ರಿಕವರಿ ಸಿ ಬೆನ್ನಿಗೆ 1 ಜಿಬಿಯಷ್ಟೇ ಹಿಡಿಯುತ್ತದೆ, ಮಿಕ್ಕದ್ದು ಹೊಸ ಡಿ ಗೆ.

ನನ್ನನ್ನು ಕೇಳಿದರೆ ಈ ಅವಕಾಶದಲ್ಲಿ ಡಿ ಯನ್ನು ಕೈಬಿಡುವುದೇ ಲೇಸು. ಸಿ ಹಾಳಾದರೂ ಡಿ ಉಳಿಯುತ್ತದೆ, ಅಂಗಡಿಯವರು ಸಿ ಯನ್ನು ಫಾರ್ಮ್ಯಾಟ್ ಮಾಡಿದರೂ ತೊಂದರೆಯಿಲ್ಲ ಎಂಬುದು ಅದರ ಏಕೈಕ ಪ್ರಯೋಜನ. ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದು ಬೀರುವಿನಲ್ಲಿಟ್ಟ ಎಕ್ಸ್‌ಟರ್ನಲ್ ಡಿಸ್ಕ್. ಒಂದು ಕಡೆ ಜಾಗ ಕೊಳೆಯುತ್ತಾ ಇನ್ನೊಂದು ಕಡೆ ಉಸಿರುಗಟ್ಟುವ ಪಾಡು, ಎರಡು ಡ್ರೈವ್ ಮಾಡಿಕೊಂಡವರಿಗೇ.

ಡಿ ಯನ್ನು ಖಾಲಿ ಮಾಡಲು ಬೇರೆ ಡಿಸ್ಕ್ ಇಲ್ಲದವರು ಜಿಪಾರ್ಟೆಡ್ ಎಂಬ ಉಚಿತ ಸಾಧನದ ಮೊರೆ ಹೋಗುವುದುಂಟು. ಪೆನ್‌ಡ್ರೈವಿನಿಂದ ಯಂತ್ರವನ್ನು ಶುರುಮಾಡಿದರೆ ಅದು ಪಾರ್ಟಿಷನ್ನುಗಳನ್ನು ಒಳಗಿನ ಸರಕಿನ ಸಮೇತ ಬಲಕ್ಕೆ ಸರಿಸಿಕೊಡುತ್ತದೆ. ಬರೀ ರಿಕವರಿಯನ್ನು ಖಾಲಿ ಜಾಗದ ಕೊನೆಗೆ ಒಯ್ಯಲು ಇದು ಒಳ್ಳೆಯ ದಾರಿ: ಮೊದಲು ವಿಂಡೋಸಿನಲ್ಲಿ ರೀಏಜೆಂಟ್‌ಸಿ /ಡಿಸೇಬಲ್, ಶಿಫ್ಟ್ ಹಿಡಿದು ಪೂರ್ತಿ ಶಟ್‌ಡೌನ್, ಜಿಪಾರ್ಟೆಡ್‌ನಲ್ಲಿ ಸರಿಸುವುದು, ಮರಳಿ ಬಂದು ಸಿ ಯನ್ನು ಹಿಗ್ಗಿಸಿ /ಎನೇಬಲ್. ಆದರೆ ನೂರಾರು ಜಿಬಿ ತುಂಬಿರುವ ಡಿ ಯನ್ನು ಸರಿಸಲು ಗಂಟೆಗಳು ಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಪ್ರತಿ ಇಟ್ಟುಕೊಳ್ಳಲು ಡಿಸ್ಕ್ ಇಲ್ಲದವರು ಮಾಡಲೇಬಾರದ ಕೆಲಸ ಇದು. ಡಿಸ್ಕ್ ಇದ್ದವರಿಗೆ ಇದರ ಅಗತ್ಯವೇ ಇಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇಎಫ್‌ಐ ತುಂಡನ್ನು ಅಳಿಸುವುದು. 100ರಿಂದ 300 ಎಂಬಿಯ ಈ ತುಂಡು ರಿಕವರಿಯಂತೆಯೇ ಹೆಸರಿಲ್ಲದೆ, ಚಿಕ್ಕದಾಗಿ ಕಾಣುತ್ತದೆ. ಇದು ಹೋದರೆ ವಿಂಡೋಸ್ ಏಳುವುದಿಲ್ಲ. ಆರನೆಯ ಹೆಜ್ಜೆಯನ್ನು ಹಾರಿಸಿದವರಿಗೆ ಇದು ಆಗುತ್ತದೆ.

ಡೈನಾಮಿಕ್ ಡಿಸ್ಕಿಗೆ ಹೂಂ ಎನ್ನುವುದು. ಪಕ್ಕದಲ್ಲಿಲ್ಲದ ಜಾಗಕ್ಕೆ ಹಿಗ್ಗಿಸಲು ಹೋದಾಗ ವಿಂಡೋಸ್ ಕೆಲವೊಮ್ಮೆ ಡಿಸ್ಕನ್ನು ಡೈನಾಮಿಕ್ ಮಾಡಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಆಮೇಲೆ ಬೇಸಿಕ್‌ಗೆ ಮರಳಲು ಎಲ್ಲವನ್ನೂ ಅಳಿಸಬೇಕಾಗುತ್ತದೆ.

‘ಫಾರ್ಮ್ಯಾಟ್ ಮಾಡಬೇಕೇ’ ಎಂಬ ಕಿಟಕಿಗೆ ಅಭ್ಯಾಸಬಲದಿಂದ ಓಕೆ ಒತ್ತುವುದು. ಪಾರ್ಟಿಷನ್ ಹೊಸದಾಗಿ ಹುಟ್ಟಿದಾಗ ಈ ಕಿಟಕಿ ಹಾರಿಬರಬಹುದು. ಕ್ಯಾನ್ಸಲ್ ಮಾಡಿ.

ತಪ್ಪಾಗಿ ಅಳಿಸಿದ ಮೇಲೆ ಗಾಬರಿಯಾಗಿ ಏನೇನೋ ಪ್ರಯತ್ನಿಸುವುದು. ಪಾರ್ಟಿಷನ್ ಅಳಿಸಿದ ಕ್ಷಣಕ್ಕೆ ಹೋಗುವುದು ಗಡಿಯ ದಾಖಲೆ ಮಾತ್ರ, ಸರಕು ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಆ ಜಾಗದ ಮೇಲೆ ಹೊಸದೇನನ್ನೂ ಬರೆಯದೆ ಕೈ ಕಟ್ಟಿ ಕೂತರೆ ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನ ಗಡಿಯನ್ನು ಮತ್ತೆ ಹುಡುಕಿಕೊಡಬಲ್ಲದು. ಫಾರ್ಮ್ಯಾಟ್ ಮಾಡಿದಿರೋ, ಎಸ್‌ಎಸ್‌ಡಿಗಳು ಟ್ರಿಮ್ ಎಂಬ ವ್ಯವಸ್ಥೆಯಿಂದ ಆ ಜಾಗವನ್ನು ತಾವಾಗಿ ಒರೆಸಿ ಹಾಕುತ್ತವೆ. ಆಮೇಲೆ ಸಿಗುವ ಆಸೆ ಬಹಳ ಕಡಿಮೆ.

/ಎನೇಬಲ್ ಮಾಡದೆ ಎದ್ದುಹೋಗುವುದು. ಸಿ ದೊಡ್ಡದಾಯಿತಲ್ಲ, ಸಾಕು ಎಂದು ಎಂಟನೆಯ ಹೆಜ್ಜೆಗೇ ನಿಲ್ಲಿಸುವವರು ಬಹಳ. ಯಂತ್ರ ಚೆನ್ನಾಗಿ ಓಡುತ್ತದೆ, ಯಾವ ದೂರೂ ಇರುವುದಿಲ್ಲ, ಒಂದು ದಿನ ವಿಂಡೋಸ್ ಏಳದಿದ್ದಾಗ ಮಾತ್ರ ತುರ್ತು ವ್ಯವಸ್ಥೆ ಇಲ್ಲವೆಂದು ತಿಳಿಯುತ್ತದೆ. ರಿಕವರಿ ತುಂಡಿಲ್ಲದೆ ಸಿ ಯೊಳಗೇ ಎನೇಬಲ್ ಮಾಡಲು ಹೋದರೂ ಬಿಟ್‌ಲಾಕರ್ ಇರುವ ಯಂತ್ರ ಒಪ್ಪುವುದಿಲ್ಲ.

/ಎನೇಬಲ್ ಹೇಳಿದಾಗ ಇಮೇಜ್ ಸಿಗಲಿಲ್ಲ ಎಂದರೆ ವಿನ್‌ಆರ್‌ಇ.ವಿಮ್ ಕಳೆದಿದೆ ಎಂದರ್ಥ. ನಿಮ್ಮದೇ ಆವೃತ್ತಿಯ ವಿಂಡೋಸ್ ಐಎಸ್‌ಒ ಕಡತವನ್ನು ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ, ಅದರ ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಕಡತವನ್ನು 7-ಜಿಪ್‌ನಿಂದ ತೆರೆದರೆ ಒಳಗೆ ವಿಂಡೋಸ್, ಸಿಸ್ಟಮ್32, ರಿಕವರಿಯಲ್ಲಿ ಆ ಕಡತ ಸಿಗುತ್ತದೆ. ನಿಮ್ಮ ಸಿ ಯ ಅದೇ ಫೋಲ್ಡರಿಗೆ ನಕಲಿಸಿ ಮತ್ತೆ ಪ್ರಯತ್ನಿಸಿ.

ಅಂಗಡಿಗೇ ಕೊಡುವುದಾದರೆ

ಕಮಾಂಡ್ ಕಿಟಕಿ ನೋಡಿದರೆ ಕೈ ನಡುಗುವವರು ಅಂಗಡಿಗೆ ಕೊಡುವುದರಲ್ಲಿ ಅವಮಾನವೇನಿಲ್ಲ. ಪ್ರತಿಯನ್ನು ಮಾತ್ರ ನೀವೇ ತೆಗೆದಿಟ್ಟುಕೊಂಡು ಹೋಗಿ, ‘ಅವರೇ ತೆಗೀತಾರೆ’ ಎಂದು ಬಿಡಬೇಡಿ. ಎಸ್‌ಎಸ್‌ಡಿ ಬದಲಾಯಿಸುವಾಗಲೇ ‘ಕ್ಲೋನ್ ಮಾಡಿದ ಮೇಲೆ ರಿಕವರಿಯನ್ನು ಕೊನೆಗೆ ಸರಿಸಿ ಸಿ ಯನ್ನು ಹಿಗ್ಗಿಸಿಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಎಷ್ಟೋ ಕ್ಲೋನಿಂಗ್ ಸಾಫ್ಟ್‌ವೇರ್‌ಗಳಲ್ಲಿ ಅದು ಆಗಲೇ ಆಗಿಬಿಡುವ ಕೆಲಸ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಮಾಮೂಲಿ ಬೆಂಬಲ ನಿಂತಿದೆ. ಆದ್ದರಿಂದ ಅದೇ ಸಲ ವಿಂಡೋಸ್ 11ಕ್ಕೆ ಹೋಗಲು ನಿಮ್ಮ ಯಂತ್ರಕ್ಕೆ ಯೋಗ್ಯತೆ ಇದೆಯೇ ಎಂದೂ ವಿಚಾರಿಸಿ. ಹೊಸದಾಗಿಯೇ ವಿಂಡೋಸ್ ಹಾಕುವುದಾದರೆ ಈ ಪಾರ್ಟಿಷನ್ ಸರ್ಕಸ್ಸೇ ಬೇಕಾಗುವುದಿಲ್ಲ. ಯಂತ್ರವನ್ನು ವಾಪಸ್ ತೆಗೆದುಕೊಳ್ಳುವಾಗ ಅಲ್ಲಿಯೇ ರೀಏಜೆಂಟ್‌ಸಿ /ಇನ್ಫೋ ಹಾಕಿಸಿ, ಎನೇಬಲ್ಡ್ ಎಂದು ಬಂದ ಮೇಲೆ ದುಡ್ಡು ಕೊಡಿ.